ಆಸಾಫನು ದೇವಾಲಯಕ್ಕೆ ಹೋದಾಗ

ದ್ವಿತೀಯ ಪಿಯುಸಿ ಫಲಿತಾಂಶದ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹೆಸರು ಮೇಲ್ತುದಿಯಲ್ಲಿರುವುದು ನಮ್ಮ ಕರಾವಳಿಯವರಿಗೆ ಹೊಸ ಸುದ್ದಿಯಲ್ಲ. ಮಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೂ ಅದು ಹೆಮ್ಮೆಯ ವಿಷಯವೇ. ಆದರೆ ಫಲಿತಾಂಶದ ಗದ್ದಲ ಇಳಿದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಮಕ್ಕಳಲ್ಲಿ ಕೆಲವರ ಪ್ರಶ್ನೆ ನನ್ನನ್ನು ದೀರ್ಘಕಾಲ ಕಾಡುತ್ತದೆ. ಇವರು ಕಡಿಮೆ ಅಂಕ ಪಡೆದವರಲ್ಲ. ನೀಟ್‌ನಲ್ಲಿಯೋ ಸಿಇಟಿಯಲ್ಲಿಯೋ ಒಳ್ಳೆಯ ರ‍್ಯಾಂಕ್ ಬಂದು, ಸೀಟು ಖಚಿತವಾಗಿ, ಮನೆಯವರು ನೆರೆಹೊರೆಗೆಲ್ಲ ಸಿಹಿ ಹಂಚಿದ ನಂತರ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಮೇಡಂ, ಇದೆಲ್ಲ ಆದ ಮೇಲೆ ಏನು?" ಎಂದು ಕೇಳುವವರು. ಯಾವ ಕಾಲೇಜು, ಯಾವ ವಿಭಾಗ ಎಂಬ ಮಾಹಿತಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹದಿನೆಂಟು ವರ್ಷದ ಆ ಮಗು ಕೇಳುತ್ತಿರುವುದು ತಾನು ಯಾತಕ್ಕಾಗಿ ಇಲ್ಲಿದ್ದೇನೆ ಎಂಬುದನ್ನು.

ಇದೇ ಪ್ರಶ್ನೆಯನ್ನು ನಾನು ಬದುಕಿನ ಇನ್ನೊಂದು ತುದಿಯಲ್ಲಿಯೂ ಕೇಳಿದ್ದೇನೆ. ಮಕ್ಕಳೆಲ್ಲ ದುಬೈಯಲ್ಲಿ, ಮಸ್ಕತ್‌ನಲ್ಲಿ, ಕೆನಡಾದಲ್ಲಿ ನೆಲೆಸಿ, ದೊಡ್ಡ ಮನೆಯಲ್ಲಿ ತಾವಿಬ್ಬರೇ ಅಥವಾ ತಾನೊಬ್ಬರೇ ಉಳಿದಿರುವ ಹಿರಿಯರು ನಮ್ಮೂರಿನಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರು. ಅವರೆಲ್ಲ ತಮ್ಮ ಕೆಲಸದಲ್ಲಿಯೇ ತಮ್ಮನ್ನು ಗುರುತಿಸಿಕೊಂಡು ಬದುಕಿದವರು. ಮನುಷ್ಯನ ಗುರಿಯೆಂದರೆ ಅವನ ಉದ್ಯೋಗ ಎಂದು ಈ ವಿದ್ಯಾವಂತ ಜಿಲ್ಲೆಗಳು ಮಕ್ಕಳಿಗೆ ಒಂದನೆಯ ತರಗತಿಯಿಂದಲೇ ಕಲಿಸುತ್ತವೆ, ಮತ್ತು ಅದೇ ಪಾಠ ನಿವೃತ್ತಿಯ ಮರುದಿನ ಅವರನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ.

ನಾನು ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯ ಪರಂಪರೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವಳು. ಮನೆಯಲ್ಲಿ ತುಳು, ದೇವಾಲಯದಲ್ಲಿ (ಚರ್ಚನ್ನು ನಾವು ಹಾಗೆನ್ನುತ್ತೇವೆ) ಕನ್ನಡ ಎಂಬುದು ನಮ್ಮಂಥ ಮನೆಗಳ ರೂಢಿ. ಈ ಪ್ರಶ್ನೆಗೆ ನನಗೆ ದೊರೆತ ಉತ್ತರ ಆದಿತ್ಯವಾರದ ಆರಾಧನೆಯಿಂದ ದೊರೆತದ್ದು, ಮತ್ತು ಅದನ್ನು ಇಲ್ಲಿ ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆರಾಧನೆಯಲ್ಲಿ ದೇವರು ಕಿವಿಯಲ್ಲಿ ಬಂದು ನನ್ನ ಗುರಿಯನ್ನು ಹೇಳಿದನೆಂದು ನಾನು ಹೇಳುತ್ತಿಲ್ಲ. ಅಂಥ ಅನುಭವವಾದವರಿದ್ದಾರೆ, ಅವರ ಸಾಕ್ಷಿಯನ್ನು ನಾನು ಗೌರವಿಸುತ್ತೇನೆ. ನನ್ನ ಮಟ್ಟಿಗೆ ಆದದ್ದು ಬೇರೆ. ಮನಸ್ಸಿಟ್ಟು ಆರಾಧಿಸುತ್ತ ಹೋದಂತೆ ನನ್ನ ಪ್ರಶ್ನೆಯೇ ನಿಧಾನವಾಗಿ ಬದಲಾಯಿತು. ನನ್ನ ಬದುಕಿನಿಂದ ನಾನೇನು ಮಾಡಿಕೊಳ್ಳಲಿ ಎಂದು ಕೇಳುತ್ತಿದ್ದವಳು, ನಾನು ಯಾರವಳು, ಆತನ ಮನೆಯಲ್ಲಿ ಈಗ ಯಾವ ಕೆಲಸ ಉಳಿದಿದೆ ಎಂದು ಕೇಳತೊಡಗಿದೆ.

ಈ ಬದಲಾವಣೆಯನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ಎಪ್ಪತ್ತಮೂರನೆಯ ಕೀರ್ತನೆ. ಸತ್ಯವೇದದಲ್ಲಿ, ಎಂದರೆ ಬೈಬಲಿನಲ್ಲಿ, ಅದಕ್ಕೆ ಆಸಾಫನ ಕೀರ್ತನೆ ಎಂದು ಶೀರ್ಷಿಕೆಯಿದೆ. ಅರಸನಾದ ದಾವೀದನು ಒಡಂಬಡಿಕೆಯ ಮಂಜೂಷವೆಂಬ ಪವಿತ್ರ ಪೆಟ್ಟಿಗೆಯ ಮುಂದೆ ಸೇವೆಗಾಗಿ ನೇಮಿಸಿದ ಲೇವಿ ಕುಲದವರಲ್ಲಿ ಆಸಾಫನು ಮುಖ್ಯಸ್ಥನಾಗಿದ್ದನೆಂದೂ ಅವನು ತಾಳ ಬಾರಿಸುತ್ತಿದ್ದನೆಂದೂ ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕ ಹೇಳುತ್ತದೆ. ಎಂದರೆ ದೇವರನ್ನು ಹಾಡಿ ಹೊಗಳುವುದೇ ಅವನ ನಿತ್ಯದ ಕೆಲಸ. ಅಂಥವನ ಹೆಸರಿನಲ್ಲಿ ಬಂದಿರುವ ಈ ಕೀರ್ತನೆ ದೇವರು ಒಳ್ಳೆಯವನು ಎಂದು ಆರಂಭವಾಗಿ, ಎರಡನೆಯ ವಚನದಲ್ಲಿಯೇ ತನ್ನ ಕಾಲು ಜಾರುವುದರಲ್ಲಿತ್ತು ಎಂದು ಹೇಳುತ್ತದೆ. ಕಾರಣ ಬೇರೇನೂ ಅಲ್ಲ, ಹೊಟ್ಟೆಕಿಚ್ಚು. ಸೊಕ್ಕಿನವರು ಸುಖವಾಗಿದ್ದಾರೆ, ಅವರ ದೇಹ ಪುಷ್ಟವಾಗಿದೆ, ಅವರಿಗೆ ಇತರರ ಕಷ್ಟಗಳು ಬಾರವು, ನಾನು ಮಾತ್ರ ಶುದ್ಧ ಮನಸ್ಸಿನಿಂದ ಬದುಕಿದ್ದು ವ್ಯರ್ಥವಾಯಿತು. ಹನ್ನೆರಡು ಹದಿಮೂರು ವಚನಗಳ ತನಕ ಇದೇ ಮಾತು. ತನ್ನ ಸಹಪಾಠಿಯ ಅಪ್ಪನಿಗೆ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಶಕ್ತಿಯಿದೆ, ನನ್ನ ಅಪ್ಪನಿಗಿಲ್ಲ ಎಂದು ಅತ್ತ ವಿದ್ಯಾರ್ಥಿಯ ಮಾತೂ ಹೀಗೆಯೇ ಇತ್ತು.

ಈ ಕೀರ್ತನೆಯಲ್ಲಿ ನಾನು ಪ್ರತಿ ಸಲ ನಿಲ್ಲುವ ಒಂದು ಸ್ಥಳವಿದೆ. ಹದಿನೈದನೆಯ ವಚನದಲ್ಲಿ ಅವನು, ನಾನು ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದರೆ ನಿನ್ನ ಮಕ್ಕಳಿಗೆ ದ್ರೋಹ ಮಾಡಿದಂತಾಗುತ್ತಿತ್ತು ಎನ್ನುತ್ತಾನೆ. ತನ್ನ ಸಂದೇಹವನ್ನು ಹೊತ್ತುಕೊಂಡೇ ಅವನು ಸಭೆಯ ಜನರ ಬಗ್ಗೆ ಯೋಚಿಸುತ್ತಾನೆ. ಸಂದೇಹವನ್ನು ಅದುಮಿಡಬೇಕೆಂದು ಇದರ ಅರ್ಥವಲ್ಲ, ಏಕೆಂದರೆ ಕೊನೆಗೆ ಅವನು ಅದನ್ನೆಲ್ಲ ಹಾಡನ್ನಾಗಿ ಮಾಡಿ ಸಭೆಯ ಬಾಯಲ್ಲಿಯೇ ಇಟ್ಟಿದ್ದಾನೆ. ಆದರೆ ಹೇಳುವ ಸ್ಥಳವನ್ನು ಆರಿಸಿಕೊಂಡನು. ಯೋಚಿಸಿ ಯೋಚಿಸಿ ತಿಳಿದುಕೊಳ್ಳಲು ಹೋದಾಗ ಅದು ಆಯಾಸವೇ ಆಯಿತು, ದೇವಾಲಯಕ್ಕೆ ಹೋಗುವ ತನಕ ಎಂಬುದು ಅದರ ಮುಂದಿನ ಮಾತಿನ ಸಾರ.

ಅಲ್ಲಿ ಅವನಿಗೆ ಏನಾಯಿತು? ದುಷ್ಟರ ಅಂತ್ಯವೇನೆಂದು ಅವನಿಗೆ ತಿಳಿಯಿತು ಎಂದು ಕೀರ್ತನೆ ಹೇಳುತ್ತದೆ. ದೇವಾಲಯಗಳಲ್ಲಿ ಕೇಳುವ ಅನೇಕ ಉಪದೇಶಗಳು ಇಲ್ಲಿಗೇ ನಿಂತುಬಿಡುತ್ತವೆ, ಅದು ನನಗೆ ಸರಿಯೆನಿಸುವುದಿಲ್ಲ. ಇತರರು ಕೊನೆಗೆ ಬೀಳುತ್ತಾರೆಂಬ ಸಮಾಧಾನದಿಂದ ಯಾರ ಬದುಕಿಗೂ ಗುರಿ ಸಿಗುವುದಿಲ್ಲ. ಕೀರ್ತನೆ ಮುಂದುವರಿಯುತ್ತದೆ. ಇಪ್ಪತ್ತಮೂರನೆಯ ವಚನದಿಂದ ಅವನ ಧ್ವನಿಯೇ ಬೇರೆ. ಅಲ್ಲಿಯವರೆಗೆ 'ಅವರು' ಎಂದು ಬೆರಳು ತೋರಿಸುತ್ತಿದ್ದವನು ಈಗ ದೇವರ ಕಡೆಗೆ ತಿರುಗಿ, ನೀನು ನನ್ನ ಬಲಗೈ ಹಿಡಿದಿದ್ದೀ, ಪರಲೋಕದಲ್ಲಿ ನಿನ್ನ ಹೊರತು ನನಗೆ ಯಾರಿದ್ದಾರೆ ಎನ್ನುತ್ತಾನೆ. ಅವನ ಮನೆ, ಹೊಲ, ಸಂಬಳ ಯಾವುದೂ ಬದಲಾಗಿಲ್ಲ. ಇಪ್ಪತ್ತೆಂಟನೆಯದಾದ ಕೊನೆಯ ವಚನದಲ್ಲಿ ಅವನು ದೇವರ ಸಾನ್ನಿಧ್ಯವೇ ನನಗೆ ಭಾಗ್ಯ ಎಂದು ಹೇಳಿ, ಆತನ ಎಲ್ಲ ಕಾರ್ಯಗಳನ್ನು ಪ್ರಕಟಿಸುವ ಕೆಲಸವನ್ನು ಎತ್ತಿಕೊಳ್ಳುತ್ತಾನೆ. ಅಸೂಯೆಯಿಂದ ಆರಂಭವಾದ ಹಾಡು ಒಂದು ಉದ್ಯೋಗದಲ್ಲಿ ಮುಗಿಯುತ್ತದೆ, ಮತ್ತು ಆ ಉದ್ಯೋಗ ಅವನು ಮೊದಲಿನಿಂದಲೂ ಮಾಡುತ್ತಿದ್ದದ್ದೇ. ತಾಳ ಅದೇ, ಗಾಯಕನೂ ಅವನೇ, ಈಗ ಅವನು ಯಾರಿಗಾಗಿ ಹಾಡುತ್ತಿದ್ದಾನೆಂಬುದು ಅವನಿಗೆ ಗೊತ್ತಿದೆ.

1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಕ್ರೈಸ್ತ ದೇವಶಾಸ್ತ್ರ ಪಂಡಿತರು ಸಿದ್ಧಪಡಿಸಿದ ಕಿರಿಯ ಪ್ರಶ್ನೋತ್ತರಿಯ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಯಾವುದು ಎಂಬುದು. ದೇವರನ್ನು ಮಹಿಮೆಪಡಿಸುವುದು ಮತ್ತು ಸದಾಕಾಲ ಆತನಲ್ಲಿ ಆನಂದಿಸುವುದು ಎಂಬುದು ಅದರ ಉತ್ತರ. ಈ ಉತ್ತರದ ಮೊದಲರ್ಧವನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಒಪ್ಪುತ್ತಾರೆ, ಎರಡನೆಯ ಅರ್ಧದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಕರ್ತವ್ಯನಿಷ್ಠೆಗೆ ಹೆಸರಾದ ನಮ್ಮ ಬಾಸೆಲ್ ಮಿಷನ್ ಪರಂಪರೆಯಲ್ಲಿ ಆನಂದಕ್ಕೆ ಸ್ವಲ್ಪ ಜಾಗ ಕಡಿಮೆಯೇ. ಆದರೆ ಆನಂದವಿಲ್ಲದ ಆರಾಧನೆ ಬೇಗನೆ ಹಾಜರಿ ಪುಸ್ತಕವಾಗಿಬಿಡುತ್ತದೆ. ಮಕ್ಕಳು ಅದನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ.

ಪ್ರಾಮಾಣಿಕವಾದ ಆರಾಧನೆ ಎಂದರೆ ಯಾವುದು ಎಂಬ ಪ್ರಶ್ನೆ ಇಲ್ಲಿಯೇ ಬರುತ್ತದೆ. ನಮ್ಮ ಸಭೆಗಳಲ್ಲಿ ಇತ್ತೀಚೆಗೆ ಈ ಚರ್ಚೆ ಬಹುತೇಕ ಸಂಗೀತದ ಸುತ್ತಲೇ ತಿರುಗುತ್ತದೆ. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ ಹಳೆಯ 'ಸಂಗೀತ'ಗಳನ್ನು, ಎಂದರೆ ಆರಾಧನೆಯ ಹಾಡುಗಳನ್ನು, ಆರ್ಗನ್ ಜೊತೆ ಹಾಡಿದರೆ ಭಕ್ತಿ ಎಂದು ಹಿರಿಯರು ಹೇಳುತ್ತಾರೆ. ಗಿಟಾರ್, ಡ್ರಮ್, ಎತ್ತಿದ ಕೈಗಳು ಇದ್ದರೆ ಮಾತ್ರ ಜೀವವಿದೆ ಎಂದು ಯುವಜನರು ಹೇಳುತ್ತಾರೆ. ನನಗೆ ಹಳೆಯ ಸಂಗೀತಗಳೇ ಇಷ್ಟ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಸತ್ಯವೇದ ಇಟ್ಟಿರುವ ಪರೀಕ್ಷೆ ಸಂಗೀತದ್ದಲ್ಲ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಸಮಾರ್ಯದ ಸ್ತ್ರೀ ಯೇಸುವಿನೊಡನೆ ಆರಾಧನೆಯ ಸ್ಥಳದ ಬಗ್ಗೆ, ಈ ಬೆಟ್ಟವೋ ಯೆರೂಸಲೇಮೋ ಎಂದು ವಾದ ತೆಗೆಯುತ್ತಾಳೆ. ತಂದೆಯು ಹುಡುಕುತ್ತಿರುವುದು ಆತ್ಮದಿಂದಲೂ ಸತ್ಯದಿಂದಲೂ ತನ್ನನ್ನು ಆರಾಧಿಸುವವರನ್ನು ಎಂದು ಯೇಸು ಉತ್ತರಿಸುತ್ತಾನೆ. ಈ ಮಾತು ಬರುವುದಕ್ಕೆ ಮೊದಲು ಅವಳ ಮನೆಯ ಸಂಗತಿ, ಐವರು ಗಂಡಂದಿರ ವಿಷಯ, ಬಯಲಿಗೆ ಬಂದಿರುತ್ತದೆ ಎಂಬುದನ್ನು ಗಮನಿಸಬೇಕು. ಮರೆಮಾಚಲು ಏನೂ ಉಳಿಯದ ಮೇಲೆ ಅವಳೊಡನೆ ಆರಾಧನೆಯ ಮಾತು ಮುಂದುವರಿಯಿತು. ಮಾತು ಮುಗಿದಾಗ ಅವಳು ನೀರಿನ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು, ಜನರಿಗೆ ಹೇಳುವ ಕೆಲಸ ಅವಳಿಗೆ ಸಿಕ್ಕಿತ್ತು.

ಪ್ರವಾದಿಗಳು ಇನ್ನೂ ಕಠಿಣವಾಗಿ ಹೇಳಿದ್ದಾರೆ. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ತೆಕೋವದ ಕುರಿಗಾಹಿ ಆಮೋಸನು, ನಿಮ್ಮ ಹಬ್ಬಗಳನ್ನು ದೇವರು ಹಗೆಮಾಡುತ್ತಾನೆ, ನಿಮ್ಮ ಹಾಡಿನ ಗದ್ದಲವನ್ನು ಆತನು ಕೇಳಲಾರನು, ನ್ಯಾಯವು ಹೊಳೆಯಂತೆ ಹರಿಯಲಿ ಎಂದು ಸಾರಿದನು. ಬಡವರನ್ನು ಒಂದು ಜೋಡಿ ಕೆರಕ್ಕೆ ಮಾರುತ್ತಿದ್ದವರೇ ದೇವಾಲಯದಲ್ಲಿ ಹಾಡುತ್ತಿದ್ದರು ಎಂಬುದು ಅವನ ಸಿಟ್ಟಿಗೆ ಕಾರಣ. ಯೇಸುವೂ ಪರ್ವತ ಪ್ರಸಂಗದಲ್ಲಿ, ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂದನು. ಆಸ್ತಿ ಪಾಲಿನ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟು, ಒಂದೇ ದೇವಾಲಯದಲ್ಲಿ ಎಡಬಲ ಬೆಂಚುಗಳಲ್ಲಿ ಕುಳಿತು ಒಂದೇ ಸಂಗೀತವನ್ನು ಹಾಡುವುದು ನಮ್ಮ ಜಿಲ್ಲೆಗಳಲ್ಲಿ ಅಪರೂಪವಲ್ಲ. ಇಂಥವರನ್ನು ಕುರಿತು ಆ ವಾಕ್ಯವನ್ನು ಓದಿದಾಗ ದೇವಾಲಯದಲ್ಲಿ ಹೆಚ್ಚು ಜನರು ತಲೆಯೆತ್ತುವುದಿಲ್ಲ.

ನಮ್ಮ ಆರಾಧನಾ ಕ್ರಮ ಇದನ್ನೆಲ್ಲ ತನ್ನೊಳಗೆ ಇಟ್ಟುಕೊಂಡಿದೆ, ನಾವು ಅದನ್ನು ಬಾಯಿಪಾಠವಾಗಿ ದಾಟಿಹೋಗದಿದ್ದರೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಎಂದರೆ ಸಿ.ಎಸ್.ಐ., ರೂಪುಗೊಂಡಿತು. ಬಾಸೆಲ್ ಮಿಷನ್ ಪರಂಪರೆಯ ಅನೇಕ ಸಭೆಗಳೂ ಮುಂದೆ ಅದರೊಳಗೆ ಬಂದವು. 1950ರಲ್ಲಿ ಈ ಸಭೆಯು ಸಿದ್ಧಪಡಿಸಿದ ಕರ್ತನ ಭೋಜನದ, ಎಂದರೆ ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಕ್ರಮದಲ್ಲಿ, ಆದಿಸಭೆಯಲ್ಲಿದ್ದು ನಂತರ ಜನರ ನಡುವಿನಿಂದ ಮರೆಯಾಗಿದ್ದ ಸಮಾಧಾನದ ವಂದನೆಯನ್ನು ಮತ್ತೆ ತರಲಾಯಿತು. ಸಭಾಪಾಲಕರಿಂದ ಆರಂಭವಾಗಿ, ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಕೈಯನ್ನು ಹಿಡಿದು, ಆ ಸಮಾಧಾನ ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಪಕ್ಕದಲ್ಲಿರುವವರು ಯಾರೆಂದು ಆರಿಸಿಕೊಳ್ಳುವ ಅವಕಾಶ ಅಲ್ಲಿಲ್ಲ. ನಿವೃತ್ತ ಅಧಿಕಾರಿಯ ಕೈಯಿಂದ ಬೀಡಿ ಕಟ್ಟುವ ಹೆಂಗಸಿನ ಕೈಗೆ, ಅವರ ಕೈಯಿಂದ ಮೆಡಿಕಲ್ ಓದುವ ಹುಡುಗಿಯ ಕೈಗೆ. ಆ ಕ್ಷಣದಲ್ಲಿ ಯಾರ ಹುದ್ದೆಯೂ ಲೆಕ್ಕಕ್ಕೆ ಬರುವುದಿಲ್ಲ. ನಂತರ ಎಲ್ಲರೂ ಒಂದೇ ಸಾಲಿನಲ್ಲಿ ಮೊಣಕಾಲೂರಿ, ಬರಿಯ ಕೈ ಚಾಚಿ, ಒಂದು ತುಂಡು ರೊಟ್ಟಿಯನ್ನು ತೆಗೆದುಕೊಳ್ಳುತ್ತಾರೆ. ಗಳಿಸಿದ್ದಕ್ಕೆ ಮಾತ್ರ ಬೆಲೆ ಎಂದು ವಾರವಿಡೀ ಕೇಳಿಸಿಕೊಂಡ ಮನಸ್ಸಿಗೆ ಇದು ಬಹಳ ದೊಡ್ಡ ಪಾಠ.

ಪಾಪದ ಅರಿಕೆ, ವೇದಪಾಠ, ವಿಶ್ವಾಸಪ್ರಮಾಣ, ಕಾಣಿಕೆ ಇವೆಲ್ಲವುಗಳ ಬಗ್ಗೆಯೂ ಹೇಳಬಹುದು, ಆದರೆ ನನಗೆ ಅತಿ ಮುಖ್ಯವೆನಿಸುವುದು ವಿಜ್ಞಾಪನಾ ಪ್ರಾರ್ಥನೆ. ಲೋಕಕ್ಕಾಗಿ, ದೇಶವನ್ನು ಆಳುವವರಿಗಾಗಿ, ರೋಗಿಗಳಿಗಾಗಿ, ಪ್ರಯಾಣದಲ್ಲಿರುವವರಿಗಾಗಿ, ದುಃಖದಲ್ಲಿರುವವರಿಗಾಗಿ ಸಭೆಯು ಹೆಸರು ಹೇಳಿ ಪ್ರಾರ್ಥಿಸುತ್ತದೆ. ತನ್ನ ಗುರಿಯನ್ನು ಹುಡುಕುತ್ತ ತನ್ನೊಳಗೇ ಸುತ್ತುತ್ತಿರುವ ಮನಸ್ಸನ್ನು ಅದು ಕೈಹಿಡಿದು ಹೊರಗೆ ತರುತ್ತದೆ. ಜೆಪ್ಪು ಕಡೆಯ ಒಬ್ಬ ಅಜ್ಜಿ ನನಗೆ ಇದರ ಆಳವನ್ನು ತೋರಿಸಿದರು. ಮಕ್ಕಳು ಪರದೇಶದಲ್ಲಿ, ಸೊಂಟ ಮುರಿದ ಮೇಲೆ ಅವರು ಮಂಚ ಬಿಟ್ಟು ಏಳುತ್ತಿರಲಿಲ್ಲ. ಸಭಾಪಾಲಕರು ಅವರ ಮನೆಗೇ ಬಂದು ಕರ್ತನ ಭೋಜನವನ್ನು ಕೊಡುತ್ತಿದ್ದರು. ಒಮ್ಮೆ ನಾನು ಕಾಣಲು ಹೋದಾಗ, ದಿನವಿಡೀ ಹೀಗೆ ಮಲಗಿ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ನನಗೆ ಕೆಲಸ ಉಂಟಲ್ಲ ಮಗಾ" ಎಂದರು. "ಬೆಳಿಗ್ಗೆ ಐದಕ್ಕೆ ಎಚ್ಚರ ಆಗ್ತದೆ. ಮೊದಲು ಆಸ್ಪತ್ರೆಯಲ್ಲಿ ಇರುವವರು. ಆಮೇಲೆ ಪರೀಕ್ಷೆ ಬರೆಯುವ ಮಕ್ಕಳು. ಕುಡಿಯುವ ಗಂಡಂದಿರ ಹೆಂಡತಿಯರು. ಮುಗಿಯುವಾಗ ಹತ್ತು ಗಂಟೆ ಆಗ್ತದೆ, ನನಗೆ ಬೇಸರಕ್ಕೆ ಸಮಯ ಎಲ್ಲುಂಟು?" ದಿಂಬಿನ ಕೆಳಗೆ ಒಂದು ಹಳೆಯ ನೋಟ್‌ಬುಕ್ ಇತ್ತು, ಅದರಲ್ಲಿ ಹೆಸರುಗಳಿದ್ದವು. ಪ್ರಾರ್ಥನೆ ಮುಗಿದವರ ಹೆಸರನ್ನು ಅವರು ಹೊಡೆದುಹಾಕುತ್ತಿರಲಿಲ್ಲ, ಗುಣವಾದವರಿಗಾಗಿ ಸ್ತೋತ್ರ ಹೇಳಲಿಕ್ಕುಂಟು ಎಂದು ಹಾಗೇ ಇಟ್ಟುಕೊಂಡಿದ್ದರು.

ಬದುಕಿನ ಗುರಿಯ ಬಗ್ಗೆ ಇಂದು ಮಾರುಕಟ್ಟೆಯಲ್ಲಿ ಸಿಗುವ ಯಾವ ಉಪದೇಶವೂ ಮಂಚದ ಮೇಲಿರುವ ಆ ಅಜ್ಜಿಗೆ ಹೊಂದುವುದಿಲ್ಲ. ನಿನ್ನ ಪ್ರತಿಭೆಯನ್ನು ಹುಡುಕು, ನಿನ್ನ ಕನಸನ್ನು ಬೆನ್ನಟ್ಟು ಎಂಬ ಮಾತು ಆರೋಗ್ಯವಂತರಿಗೆ, ಹಣವಿದ್ದವರಿಗೆ, ಇನ್ನೂ ವಯಸ್ಸಿರುವವರಿಗೆ ಮಾತ್ರ ಹೇಳಬಹುದಾದದ್ದು. ಆರಾಧನೆಯಿಂದ ದೊರೆಯುವ ಗುರಿ ಕೈಕಾಲಿನ ಬಲವನ್ನು ಕೇಳುವುದಿಲ್ಲ. ಹಾಗಾಗಿಯೇ ನಾನು ಅದನ್ನು ನಂಬುತ್ತೇನೆ.

ಹಾಗೆಂದು ದುಡಿಮೆಗೆ ಬೆಲೆ ಇಲ್ಲವೆಂದಲ್ಲ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯವನ್ನು, ನಿಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಅರ್ಪಿಸಿರಿ, ಅದೇ ನಿಮ್ಮ ಆರಾಧನೆ ಎಂದು ಆರಂಭಿಸುತ್ತಾನೆ. ದೇಹ ಎಂದರೆ ದುಡಿಯುವ ಕೈ, ನಡೆಯುವ ಕಾಲು, ತರಗತಿಯಲ್ಲಿ ಬತ್ತಿಹೋಗುವ ಗಂಟಲು. ನಮ್ಮೂರಿನ ಕ್ರೈಸ್ತ ಚರಿತ್ರೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದಾಗ ಅವರ ಕೈಯಲ್ಲಿದ್ದದ್ದು ಸುವಾರ್ತೆ. ಆದರೆ ಅದನ್ನು ಕೇಳಿ ನಂಬಿದವರು ತಮ್ಮ ಮನೆ, ಭೂಮಿ, ಕುಲಕಸುಬು ಕಳೆದುಕೊಂಡು ನಿಂತಾಗ ಅವರ ಹೊಟ್ಟೆಯ ಪ್ರಶ್ನೆಯೂ ಎದ್ದಿತು. ನೇಯ್ಗೆ, ಮುದ್ರಣ, ಹಂಚಿನ ಕಾರ್ಖಾನೆಗಳು ಹೀಗೆ ಹುಟ್ಟಿಕೊಂಡವು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಕಾರ್ಖಾನೆಯಿಂದ ಮಂಗಳೂರು ಹಂಚಿನ ಕಥೆ ಮೊದಲಾಗುತ್ತದೆ.

ನನ್ನ ಅಜ್ಜ ಹಂಚಿನ ಕಾರ್ಖಾನೆಯೊಂದರಲ್ಲಿ ಸುಟ್ಟ ಹಂಚನ್ನು ವಿಂಗಡಿಸುವ ಕೆಲಸದಲ್ಲಿದ್ದವರು. ಸರಿಯಾಗಿ ಬೆಂದ ಹಂಚನ್ನು ಬೆರಳಿನಿಂದ ತಟ್ಟಿದರೆ ಅದು ಠಣ್ಣೆನ್ನುತ್ತದೆ, ಸಣ್ಣ ಬಿರುಕಿದ್ದರೂ ಧ್ವನಿ ಮಂಕಾಗುತ್ತದೆ. ಸಂಜೆಯ ಹೊತ್ತು ಬೆಳಕು ಕಡಿಮೆಯಾದಾಗ ಅವರು ಕಿವಿಯನ್ನೇ ನಂಬುತ್ತಿದ್ದರಂತೆ. ಕೆಲಸದ ನಡುವೆ ಸಂಗೀತಗಳನ್ನು ಗುನುಗುತ್ತಿದ್ದರು, ಪುಸ್ತಕವಿಲ್ಲದೆ ಎಲ್ಲ ಚರಣಗಳೂ ಅವರಿಗೆ ಬರುತ್ತಿದ್ದವು. ಬಿರುಕಿನ ಹಂಚೊಂದನ್ನು ಹೋಗಲಿ ಬಿಡಿ ಎಂದು ಯಾರಾದರೂ ಹೇಳಿದರೆ, ಆಟಿ ತಿಂಗಳ ಮಳೆಗೆ ಇದರ ಅಡಿಯಲ್ಲಿ ಒಂದು ಮಗು ಮಲಗಿರುತ್ತದೆ ಎನ್ನುತ್ತಿದ್ದರೆಂದು ನನ್ನ ತಂದೆ ಹೇಳುತ್ತಿದ್ದರು. ಅಜ್ಜನಿಗೆ ಗುರಿ ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಲು ಬರುತ್ತಿರಲಿಲ್ಲ. ಆದಿತ್ಯವಾರ ಹಾಡಿದ್ದನ್ನು ಸೋಮವಾರ ಹಂಚಿನ ರಾಶಿಯ ಮುಂದೆ ಮುಂದುವರಿಸಲು ಬರುತ್ತಿತ್ತು.

ಅಕ್ಷರದ ಕ್ಷೇತ್ರದಲ್ಲಿ ಇದೇ ಮಾತಿಗೆ ಫರ್ಡಿನಾಂಡ್ ಕಿಟೆಲ್ ಸಾಕ್ಷಿ. 1853ರಲ್ಲಿ ಭಾರತಕ್ಕೆ ಬಂದ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದರು, ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಶಬ್ದಕೋಶ ಬರೆಯುವುದು ಸುವಾರ್ತಾ ಸೇವೆಯೇ ಎಂದು ಪ್ರಶ್ನಿಸಬಹುದು. ಜನರ ಭಾಷೆಯನ್ನು ಇಷ್ಟು ಗೌರವದಿಂದ ಆಲಿಸಿದ ದುಡಿಮೆ ದೇವರ ಮುಂದೆ ಹಾಡಿಗಿಂತ ಕಡಿಮೆಯದೆಂದು ನಾನು ಒಪ್ಪಲಾರೆ. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆಯನ್ನು ಆರಂಭಿಸಿದ ಸ್ವಿಸ್ ವೈದ್ಯೆ ಎವಾ ಲೊಂಬಾರ್ಡ್, 1880ರಲ್ಲಿ ಕಂಕನಾಡಿಯಲ್ಲಿ ಬಡರೋಗಿಗಳಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್, ಇವರನ್ನೂ ನಾನು ಇದೇ ಸಾಲಿನಲ್ಲಿ ನೆನೆಯುತ್ತೇನೆ. ಸಭೆ ಬೇರೆ, ಆರಾಧನಾ ಕ್ರಮ ಬೇರೆ. ಬಾಗಿಲಲ್ಲಿ ನಿಂತ ರೋಗಿ ಒಬ್ಬನೇ.

ಆರಾಧನೆಯಲ್ಲಿ ಏನೂ ಅನಿಸದ ಕಾಲವೂ ಬರುತ್ತದೆ, ಇದನ್ನು ಹೇಳದಿದ್ದರೆ ನನ್ನ ಮಾತು ಅಪೂರ್ಣ. ನನ್ನ ತಾಯಿ ತೀರಿಕೊಂಡ ಮೇಲೆ ಬಹಳ ತಿಂಗಳು ನನಗೆ ಹಾಡಲಾಗುತ್ತಿರಲಿಲ್ಲ. ಅವರಿಗೆ ಪ್ರಿಯವಾದ ಸಂಗೀತದ ಮೊದಲ ಸಾಲು ಬರುವಾಗಲೇ ಗಂಟಲು ಕಟ್ಟುತ್ತಿತ್ತು. ನಾನು ಸುಮ್ಮನೆ ಪುಸ್ತಕ ಹಿಡಿದು ನಿಲ್ಲುತ್ತಿದ್ದೆ, ಸುತ್ತಲಿನವರು ಹಾಡುತ್ತಿದ್ದರು. ನನ್ನ ಪಾಲಿನ ಸ್ತುತಿಯನ್ನೂ ಅವರೇ ಹಾಡುತ್ತಿದ್ದಾರೆಂದು ನನಗೆ ಅನಿಸತೊಡಗಿದ್ದು ಆಗ. ಮನೆಯಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡುವುದರಲ್ಲಿ ತಪ್ಪೇನು ಎಂದು ಕೇಳುವವರಿಗೆ, ಕಾಯಿಲೆಯವರಿಗೆ ಅದು ದೊಡ್ಡ ವರವೆಂದು ನಾನು ಒಪ್ಪುತ್ತೇನೆ. ಆದರೆ ನಡೆದುಹೋಗಬಲ್ಲವರು ಹೋಗಲೇಬೇಕು, ಏಕೆಂದರೆ ಆ ದಿನ ಹಾಡಲಾಗದೆ ನಿಂತಿರುವ ಒಬ್ಬರ ಪಕ್ಕದಲ್ಲಿ ಹಾಡುವವರು ಬೇಕು. ಭಾವನೆ ಬಂದಾಗ ಮಾತ್ರ ಆರಾಧಿಸುವುದು ಪ್ರಾಮಾಣಿಕತೆ ಎಂದು ಇಂದಿನ ಯುವಜನರು ವಾದಿಸುತ್ತಾರೆ. ಬಾರದ ಭಾವನೆಯನ್ನು ನಟಿಸದೆ, ಬಂದು ನಿಲ್ಲುವುದೂ ಪ್ರಾಮಾಣಿಕತೆಯೇ. ಆಸಾಫನೂ ಕಹಿಯಾದ ಮನಸ್ಸಿನಿಂದಲೇ ದೇವಾಲಯಕ್ಕೆ ಹೋದವನು.

ಕಳೆದ ಫಲಿತಾಂಶದ ನಂತರ ನಮ್ಮ ಸಭೆಯವನೇ ಆದ ಒಬ್ಬ ಹುಡುಗ ಬಂದು ಅದೇ ಪ್ರಶ್ನೆ ಕೇಳಿದಾಗ ನಾನು ಅವನಿಗೆ ಯಾವ ಕೋರ್ಸಿನ ಹೆಸರನ್ನೂ ಹೇಳಲಿಲ್ಲ. ಶನಿವಾರ ರಾತ್ರಿ ಮರುದಿನದ ವೇದಪಾಠಗಳನ್ನು ಒಮ್ಮೆ ಓದಿಕೊಂಡು ಬಾ ಎಂದೆ. ಗಂಟೆ ಬಾರಿಸಿದ ಮೇಲೆ ಓಡಿಬರದೆ, ಹತ್ತು ನಿಮಿಷ ಮೊದಲೇ ಬಂದು ಸುಮ್ಮನೆ ಕುಳಿತುಕೋ, ಮೊಬೈಲನ್ನು ಮನೆಯಲ್ಲಿಯೇ ಬಿಡು. ಪಾಪದ ಅರಿಕೆಯ ಮಾತುಗಳನ್ನು ಹೇಳುವಾಗ ಆ ವಾರದ ಒಂದು ನಿಜವಾದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೋ, ವಿಜ್ಞಾಪನೆಯಲ್ಲಿ ಕೇಳಿದ ಹೆಸರುಗಳಲ್ಲಿ ಒಂದನ್ನು ಮನೆಗೆ ಒಯ್ದು ವಾರವಿಡೀ ಪ್ರಾರ್ಥಿಸು, ಸಾಧ್ಯವಾದರೆ ಅವರನ್ನು ಹೋಗಿ ನೋಡು. "ಎಷ್ಟು ದಿನ ಮೇಡಂ?" ಎಂದು ಕೇಳಿದ. ಕ್ರಿಸ್ತನ ಜನನದ ಹಬ್ಬದ ತನಕ ಮಾಡಿ ನೋಡು ಎಂದೆ. ಅವನು ಈಗ ಇಂಜಿನಿಯರಿಂಗ್ ಸೇರಿದ್ದಾನೆ. ಆಗಾಗ ಆರಾಧನೆ ಮುಗಿದ ಮೇಲೆ ಮೆಟ್ಟಿಲುಗಳ ಬಳಿ ನಿಂತು, ಇನ್ನೂ ಸ್ಪಷ್ಟವಾಗಿಲ್ಲ ಎನ್ನುತ್ತಾನೆ, ಮತ್ತು ಅದೇ ಉಸಿರಿನಲ್ಲಿ, ಈ ವಾರ ಯಾರ ಮನೆಗೆ ಹೋಗಬೇಕು ಎಂದು ಕೇಳುತ್ತಾನೆ.